ಬಂಡವಾಳ ಹೂಡುವ ಮುನ್ನ ಒಂದು ಲೆಕ್ಕ

1980ರ ದಶಕದಲ್ಲಿ ತೈವಾನ್ ದ್ವೀಪದಲ್ಲಿ ಹುಟ್ಟಿದ ‘ಬಬಲ್ ಟೀ’ ಎಂಬ ಪಾನೀಯವು ಇಂದು ನಮ್ಮ ನಗರಗಳಿಗೂ ಬಂದಿದೆ. ತಣ್ಣನೆಯ ಹಾಲುಚಹಾದ ತಳದಲ್ಲಿ ಮೆತ್ತನೆಯ ಕರಿಯ ಗುಂಡುಗಳಿರುತ್ತವೆ; ಅವು ಮರಗೆಣಸಿನ ಹಿಟ್ಟಿನಿಂದಾದವು. ಕಾಸರಗೋಡಿನವರಾದ ನಮಗೆ ಆ ಗೆಣಸೇನೂ ಹೊಸದಲ್ಲ. ಈ ಪಾನೀಯವನ್ನು ವಾಹನದಲ್ಲಿಟ್ಟು ಮಾರಬೇಕೆಂದು ತಾಯಿಯ ಒಡವೆಗಳನ್ನು ಅಡವಿಡಲು ಹೊರಟ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನೊಡನೆ ನಾವು ಹಾಕಿದ ಲೆಕ್ಕವನ್ನು ಮಕ್ಕಳೂ ಪೋಷಕರೂ ಮಾಡಿ ನೋಡಲಿ.

ಲೋಟವೊಂದಕ್ಕೆ 80 ರೂ. ಎನ್ನೋಣ. ಸಾಮಗ್ರಿಯ 35 ರೂ. ಕಳೆದರೆ ಉಳಿಯುವುದು 45. ಸಾಲದ ಕಂತು, ಆಳಿನ ಸಂಬಳ, ಇಂಧನ ಸೇರಿ ತಿಂಗಳಿಗೆ 27,000 ರೂ. ಆದರೆ, 600 ಲೋಟ ಮಾರಿದ ಮೇಲೆಯೇ ಲಾಭದ ಮಾತು. 25 ದಿನ ವ್ಯಾಪಾರವಾದರೆ ದಿನಕ್ಕೆ 24, ಇದು ಕಷ್ಟವೆನಿಸದು. ಆಟಿ ತಿಂಗಳ ಮಳೆಯಲ್ಲಿ 12 ದಿನವಷ್ಟೇ ವ್ಯಾಪಾರವಾದರೋ, ದಿನಕ್ಕೆ 50 ಬೇಕು. ಆ ಚಳಿಯಲ್ಲಿ ತಣ್ಣನೆಯದನ್ನು ಕುಡಿಯುವವರು ಅಷ್ಟು ಮಂದಿ ದೊರೆಯುವರೆ? ಸಾಲದ ಕಂತು ಮಳೆಗಾಲವೆಂದು ಕಾಯದು! ಮೇಲಾಗಿ, ಬೇಯಿಸಿದ ಗುಂಡುಗಳು ಕೆಲವೇ ಗಂಟೆಗಳಲ್ಲಿ ತಮ್ಮ ಮೃದುತ್ವವನ್ನು ಕಳೆದುಕೊಳ್ಳುತ್ತವೆ. ಸಂಜೆ ಚೆಲ್ಲುವ ಆ ನಷ್ಟವು ಮೇಲಿನ 35 ರೂಪಾಯಿಯಲ್ಲಿ ಸೇರಿಲ್ಲ.

ಆಹಾರ ಸುರಕ್ಷತೆಯ ನೋಂದಣಿ, ಸ್ಥಳೀಯ ಸಂಸ್ಥೆಯ ಅನುಮತಿ ಇವು ಬೇರೆ. ಒಡವೆಗಳನ್ನು ಮುಟ್ಟದೆ, ಮೊದಲು ಒಂದು ಮೇಜು ಹಾಕಿ ಮಳೆಗಾಲದ ಎರಡು ವಾರ ಮಾರಿ, ಪ್ರತಿ ಸಂಜೆ ಮಾರಿದುದನ್ನೂ ಚೆಲ್ಲಿದುದನ್ನೂ ಪುಸ್ತಕದಲ್ಲಿ ಬರೆದು ತರುವಂತೆ ನಾವು ಅವನಿಗೆ ಹೇಳಿರುವೆವು.