‘ಕೈಕೊಟ್ಟವರು’ ಯಾರು? – ‘ಕೆರೆಗೆ ಹಾರ’ ಪಾಠದ ಅನುಭವ

ಒಂಬತ್ತನೆಯ ತರಗತಿಗೆ ‘ಕೆರೆಗೆ ಹಾರ’ ಕಥನಗೀತೆಯನ್ನು ತೆಗೆದುಕೊಂಡಿದ್ದೆ. ಪಾಠಯೋಜನೆಯ ಉದ್ದೇಶದ ಅಂಕಣದಲ್ಲಿ ‘ಭಾಗೀರಥಿಯ ತ್ಯಾಗವನ್ನು ಮೆಚ್ಚುವರು’ ಎಂದು ಬರೆದಿದ್ದೆ. ಪೀಠಿಕೆಗೆಂದು, ದುಃಖದ ಹಾಡು ಯಾವುದಾದರೂ ಬರುತ್ತದೆಯೇ ಎಂದು ಕೇಳಿದೆ. ಹಿಂದಿನ ಬೆಂಚಿನಿಂದ ಸಿನಿಮಾ ಹಾಡುಗಳು ಸಾಲಾಗಿ ಬಂದವು. ಎಲ್ಲದರಲ್ಲೂ ಹುಡುಗಿ ಕೈಕೊಟ್ಟಿದ್ದಳು, ಹುಡುಗ ಅಳುತ್ತಿದ್ದ. ‘ಕೈಹಿಡಿ’, ‘ಕೈಬಿಡು’, ‘ಕೈಕೊಡು’ ಎಂದು ಹಲಗೆಯ ಮೇಲೆ ಬರೆದು ನುಡಿಗಟ್ಟಿನ ಅರ್ಥ ಹೇಳಿಸಿ ಮುಂದೆ ಹೋದೆ.

ಶೀರ್ಷಿಕೆಯ ‘ಹಾರ’ವನ್ನು ಎಲ್ಲರೂ ಹೂವಿನ ಹಾರ ಎಂದೇ ತಿಳಿದಿದ್ದರು. ಅದು ಆಹಾರ, ಬಲಿ ಎಂದಾಗ ತರಗತಿ ಸುಮ್ಮನಾಯಿತು. ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ, ಕಿರಿಸೊಸೆಯನ್ನು ಕೊಡುವುದೆಂದು ಮನೆಯಲ್ಲಿ ತೀರ್ಮಾನವಾಯಿತು, ಗಂಡ ಮಾದೇವರಾಯ ದಂಡಿನಲ್ಲಿದ್ದ. ಇಷ್ಟನ್ನು ಬೇಗ ಹೇಳಿದೆ. ಭಾಗೀರಥಿ ತವರಿಗೆ ಹೋಗುವ ಭಾಗ ಬಂದಾಗ ಪಾಠ ನನ್ನ ಕೈತಪ್ಪಿತು. ಮೋರೆ ಯಾಕೆ ಬಾಡಿದೆ ಎಂದು ಅಪ್ಪ ಕೇಳಿದರೆ, ಅತ್ತೆಮಾವ ಬೇರೆ ಇಡುತ್ತಾರಂತೆ ಎಂದಷ್ಟೇ ಹೇಳುತ್ತಾಳೆ. ನಿಜ ಹೇಳುವುದು ಗೆಳತಿಗೆ ಮಾತ್ರ.

“ಅಪ್ಪನಿಗೇ ಯಾಕೆ ಹೇಳಲಿಲ್ಲ ಮೇಡಂ?” ಎಂದ ಒಬ್ಬ.

ನನ್ನ ಯೋಜನೆಯಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಮೊದಲ ಸಾಲಿನ ಹುಡುಗಿಯೊಬ್ಬಳು, ಅದುವರೆಗೆ ಬಾಯಿಯೇ ಬಿಡದವಳು, “ಹೇಳಿದ್ರೂ ವಾಪಸ್ ಕಳಿಸ್ತಿದ್ರು” ಎಂದಳು. ಯಾರೂ ನಗಲಿಲ್ಲ.

ಆಮೇಲೆ ಚರ್ಚೆ ಅವರದೇ ಆಯಿತು. ಪೂಜೆ ಮುಗಿಸಿ ಬರುವಾಗ ಬಂಗಾರದ ಬಟ್ಟಲನ್ನು ನಿಜವಾಗಿ ಮರೆತರೇ, ಬೇಕೆಂದೇ ಬಿಟ್ಟರೇ? ಅದನ್ನು ತರಲು ಅವಳೇ ಏಕೆ ಹೋಗಬೇಕಾಯಿತು? ಒಂದೊಂದು ಮೆಟ್ಟಿಲಿಗೂ ನೀರು ಏರುವಾಗ ದಂಡೆಯಲ್ಲಿ ಯಾರಿದ್ದರು? ಕೆಟ್ಟ ಕನಸು ಕಂಡು ಓಡಿಬಂದ ಗಂಡನಿಗೂ ಮನೆಯವರು ತವರಿಗೆ ಹೋಗಿದ್ದಾಳೆ ಎಂದೇ ಸುಳ್ಳು ಹೇಳುತ್ತಾರೆ. “ಹಾಗಾದ್ರೆ ಇಬ್ಬರಿಗೂ ಮನೆಯೋರೇ ಕೈಕೊಟ್ರು” ಎಂದ ಹಿಂದಿನ ಬೆಂಚಿನವನು. ಹಲಗೆಯ ಮೇಲಿನ ಪದ ಹಾಗೆಯೇ ಇತ್ತು. ಆದರೆ ಗಂಡ ಅದೇ ಕೆರೆಗೆ ಹಾರುವುದು ಅವನಿಗೆ ಒಪ್ಪಿಗೆಯಾಗಲಿಲ್ಲ. “ಮೊದಲು ಅಪ್ಪನ್ನ ಕೇಳ್ಬೇಕಿತ್ತು” ಎಂದ.

ಮೌಲ್ಯಮಾಪನಕ್ಕೆ ಸಮಯ ಉಳಿಯಲಿಲ್ಲವೆಂದು ವೀಕ್ಷಕರು ಬರೆದರು, ಅದು ಸರಿಯೇ. ‘ತ್ಯಾಗ’ದ ಸಾಲನ್ನು ನಾನೇ ಹೊಡೆದುಹಾಕಿದ್ದೇನೆ. ಈ ಪಾಠ ಮಾಡುವ ಸಹಪಾಠಿಗಳು ತವರಿನ ಸಂಭಾಷಣೆಯನ್ನು ಇಬ್ಬರು ಮಕ್ಕಳಿಂದ ಗಟ್ಟಿಯಾಗಿ ಓದಿಸಿ, ಅಲ್ಲಿ ಹತ್ತು ನಿಮಿಷ ಬಿಡುವುದು ಒಳ್ಳೆಯದು.