ಸಿ.ಡಿ. ಬರೆಯುವ ಯಂತ್ರದ ವೇಗವನ್ನು ಅಳೆಯುವ ಬಗೆ

ನಮ್ಮ ವಾಚನಾಲಯಕ್ಕೆ ಬರುವ ಹಿರಿಯ ಸದಸ್ಯರೊಬ್ಬರು ತಮ್ಮ ತಾಯಿಯ ವರ್ಷಾಬ್ದಿಕಕ್ಕಾಗಿ ಊರಿಗೆ ಹೊರಟಿದ್ದರು. ಆ ತಾಯಿ ಹಾಡಿದ್ದ ಸೋಬಾನೆ ಪದಗಳೂ ಬೀಸುವ ಪದಗಳೂ ಒಂದು ಹಳೆಯ ಕ್ಯಾಸೆಟ್ಟಿನಲ್ಲಿ ಉಳಿದಿದ್ದುವು. ನಾವು ಅವನ್ನು ಕಂಪ್ಯೂಟರಿಗೆ ಇಳಿಸಿ, ಒಡಹುಟ್ಟಿದವರಿಗೆ ಹಂಚಲೆಂದು ಐದು ಸಿ.ಡಿ.ಗಳನ್ನು ಬರೆದುಕೊಟ್ಟೆವು. ಹಾಡುಗಳ ಒಟ್ಟು ಅವಧಿ ಎಪ್ಪತ್ತು ನಿಮಿಷ. ಹಾವ್ಡಾ ನಿಲ್ದಾಣಕ್ಕೆ ಹೊರಡುವ ಹೊತ್ತು ಮೀರುತ್ತಿತ್ತು. ಆದ್ದರಿಂದ ಯಂತ್ರವನ್ನು ಅದರ ಅತ್ಯಧಿಕ ವೇಗಕ್ಕೆ ಇಟ್ಟೆವು. ಬರೆದದ್ದನ್ನು ಮತ್ತೆ ಓದಿಸಿ ನೋಡಲಿಲ್ಲ.

ಊರಿನಲ್ಲಿ ಬಂಧುಗಳೆಲ್ಲ ಸೇರಿ ಕೇಳಲು ಕುಳಿತಾಗ ಐದರಲ್ಲಿ ಮೂರು ಸಿ.ಡಿ.ಗಳು ಕೊನೆಯ ಹಾಡುಗಳಿಗೆ ಬಂದು ತೊದಲಿ ನಿಂತುವು. ಕಂಪ್ಯೂಟರಿನಲ್ಲಿ ಮೂಲಪ್ರತಿ ಇದ್ದುದರಿಂದ ನಾವು ಮತ್ತೆ ನಿಧಾನವಾಗಿ ಬರೆದು ಅಂಚೆಯಲ್ಲಿ ಕಳುಹಿಸಿದೆವು. ಆದರೆ ಮನೆಯವರೆಲ್ಲ ಒಟ್ಟಿಗೆ ಕುಳಿತ ಆ ದಿನವನ್ನು ಅಂಚೆಯಲ್ಲಿ ಕಳುಹಿಸಲಾಗಲಿಲ್ಲ. ತಪ್ಪು ಯಂತ್ರದ್ದಲ್ಲ, ನಮ್ಮದೇ. ಯಂತ್ರ ಎಷ್ಟು ವೇಗವಾಗಿ ಬರೆಯುತ್ತದೆ, ಎಷ್ಟು ವೇಗದಲ್ಲಿ ಸರಿಯಾಗಿ ಬರೆಯುತ್ತದೆ ಎಂಬ ಎರಡನ್ನೂ ನಾವು ಮೊದಲೇ ಪರೀಕ್ಷಿಸಿರಲಿಲ್ಲ. ಆಮೇಲೆ ಕಲಿತದ್ದನ್ನು ವಾಚಕ ಬಂಧುಗಳ ಉಪಯೋಗಕ್ಕಾಗಿ ಇಲ್ಲಿ ಪಾಠದ ರೂಪದಲ್ಲಿ ಕೊಡುತ್ತಿದ್ದೇವೆ.

ಈಗೇಕೆ ಈ ವಿದ್ಯೆ?

ಹೊಸ ಲ್ಯಾಪ್‌ಟಾಪುಗಳಲ್ಲಿ ಸಿ.ಡಿ. ಹಾಕುವ ಬಾಯಿಯೇ ಇರುವುದಿಲ್ಲ, ಇನ್ನೇಕೆ ಈ ಮಾತು ಎಂದು ಕೆಲವರು ಕೇಳಬಹುದು. ಆದರೂ ಊರಿನ ಎಷ್ಟೋ ಮನೆಗಳಲ್ಲಿ ಸಿ.ಡಿ. ಹಾಕುವ ಪೆಟ್ಟಿಗೆ ಇನ್ನೂ ಇದೆ. ಕೆಲವು ಆಸ್ಪತ್ರೆಗಳು ಸ್ಕ್ಯಾನಿನ ಚಿತ್ರಗಳನ್ನು ಇಂದಿಗೂ ಸಿ.ಡಿ.ಯಲ್ಲಿಯೇ ಕೊಡುತ್ತವೆ. ಒಮ್ಮೆ ಬರೆದ ಸಿ.ಡಿ.ಯನ್ನು ಮಕ್ಕಳು ಆಕಸ್ಮಿಕವಾಗಿ ಅಳಿಸಲಾರರು ಎಂಬುದೂ ಒಂದು ಗುಣ.

ಇನ್ನೊಂದು ಕಾರಣವಿದೆ. ಈ ನಗರದ ಆಲಿಪುರದಲ್ಲಿರುವ ರಾಷ್ಟ್ರೀಯ ಗ್ರಂಥಾಲಯಕ್ಕೆ, 1954ರ ಕಾಯಿದೆಯ ಪ್ರಕಾರ, ದೇಶದಲ್ಲಿ ಅಚ್ಚಾದ ಪುಸ್ತಕಗಳ ಪ್ರತಿಯನ್ನು ಪ್ರಕಾಶಕರು ಕಳುಹಿಸತಕ್ಕದ್ದು. ಕನ್ನಡ ಪುಸ್ತಕಗಳಿಗೂ ಅದೇ ನಿಯಮ. ಅಚ್ಚಾದದ್ದಕ್ಕೆ ಹೀಗೆ ಒಂದು ಮನೆಯಿದೆ. ಅಜ್ಜಿಯ ಹಾಡಿಗೆ, ತಂದೆಯ ದನಿಗೆ, ಸಂಘದ ಹಳೆಯ ನಾಟಕದ ಧ್ವನಿಮುದ್ರಣಕ್ಕೆ ಅಂಥ ಮನೆಯಿಲ್ಲ. ಅದನ್ನು ನಾವೇ ಕಾಪಾಡಿಕೊಳ್ಳಬೇಕು.

ಯಂತ್ರವನ್ನು ಹೊಸದಾಗಿ ಕೊಳ್ಳಲಾರದವರು ಚಾಂದನಿ ಚೌಕದ ಓಣಿಗಳಲ್ಲಿ ಹಳೆಯದನ್ನು ಕೊಳ್ಳುವುದುಂಟು. ಅಂಥವರಿಗಂತೂ ಈ ಪರೀಕ್ಷೆ ತಿಳಿದಿರಲೇಬೇಕು.

‘52 ಎಕ್ಸ್’ ಎಂದರೇನು?

ಸಿ.ಡಿ.ಯ ಮೇಲೂ ಯಂತ್ರದ ಮುಖದ ಮೇಲೂ 16 ಎಕ್ಸ್, 48 ಎಕ್ಸ್, 52 ಎಕ್ಸ್ ಎಂದು ಬರೆದಿರುತ್ತದೆ. ಎಕ್ಸ್ ಎಂದರೆ ಪಟ್ಟು. ಯಾವುದರ ಪಟ್ಟು? 1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದಾಗ ಅದು ಹಾಡು ಕೇಳುವುದಕ್ಕಾಗಿಯೇ ಇತ್ತು. ಹಾಡು ಹಾಡಿನ ವೇಗದಲ್ಲಿಯೇ ಓಡುವಾಗ ಸೆಕೆಂಡಿಗೆ 75 ತುಂಡುಗಳಷ್ಟು ಮಾಹಿತಿ ಹೊರಬರುತ್ತದೆ. ಕಂಪ್ಯೂಟರಿನ ಕಡತಗಳನ್ನು ಬರೆದಾಗ ಒಂದೊಂದು ತುಂಡಿನಲ್ಲಿ 2048 ಬೈಟು ಹಿಡಿಸುತ್ತದೆ. ಗುಣಿಸಿದರೆ ಸೆಕೆಂಡಿಗೆ 1,53,600 ಬೈಟು. 1024ರಿಂದ ಭಾಗಿಸಿದರೆ ಸರಿಯಾಗಿ 150 ಕಿಲೋಬೈಟು. ಇದೇ ಸಿ.ಡಿ.ಯ ಒಂದು ಪಟ್ಟು.

ಡಿ.ವಿ.ಡಿ.ಯ ಒಂದು ಪಟ್ಟು ಬೇರೆ. ಅದು ಸೆಕೆಂಡಿಗೆ ಸುಮಾರು 13,85,000 ಬೈಟು, ಅಂದರೆ ಸಿ.ಡಿ.ಯ ಒಂದು ಪಟ್ಟಿಗಿಂತ ಸುಮಾರು ಒಂಬತ್ತರಷ್ಟು. ಆದ್ದರಿಂದ ‘ಇದು ಡಿ.ವಿ.ಡಿ.ಯನ್ನು 8ರಲ್ಲಿ ಬರೆಯುತ್ತದೆ, ಅದು ಸಿ.ಡಿ.ಯನ್ನು 48ರಲ್ಲಿ ಬರೆಯುತ್ತದೆ, ಅದೇ ಮೇಲು’ ಎಂದು ಅಂಗಡಿಯವರು ಹೇಳಿದರೆ ನಂಬಬಾರದು. ಸೇರಿನ ಲೆಕ್ಕವನ್ನೂ ಪಾವಿನ ಲೆಕ್ಕವನ್ನೂ ಒಂದೇ ಸಾಲಿನಲ್ಲಿ ಕೂಡಿದ ಹಾಗಾಯಿತು.

ಬರೆದ ಅಂಕೆ ಏಕೆ ಕೈಗೆ ಬರುವುದಿಲ್ಲ?

80 ನಿಮಿಷದ ಸಿ.ಡಿ.ಯನ್ನು 52 ಪಟ್ಟು ವೇಗದಲ್ಲಿ ಬರೆದರೆ ಒಂದೂವರೆ ನಿಮಿಷದಲ್ಲಿ ಮುಗಿಯಬೇಕು. ಆದರೆ ಯಾರ ಯಂತ್ರದಲ್ಲಿಯೂ ಹಾಗೆ ಮುಗಿಯುವುದಿಲ್ಲ. ಯಂತ್ರ ಸುಳ್ಳು ಹೇಳುತ್ತಿದೆಯೇ? ಇಲ್ಲ, ಅರ್ಧ ಸತ್ಯ ಹೇಳುತ್ತಿದೆ.

ಕಣದಲ್ಲಿ ಹಂತಿ ಕಟ್ಟುವುದನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ನಡುವೆ ಮೇಟಿ, ಅದರ ಸುತ್ತ ಸಾಲಾಗಿ ಎತ್ತುಗಳು. ಎಲ್ಲ ಎತ್ತುಗಳೂ ಒಂದು ಸುತ್ತನ್ನು ಒಂದೇ ಹೊತ್ತಿನಲ್ಲಿ ಮುಗಿಸುತ್ತವೆ. ಆದರೆ ಮೇಟಿಯ ಪಕ್ಕದ ಎತ್ತು ಸಣ್ಣ ಹೆಜ್ಜೆ ಇಡುತ್ತದೆ, ಹೊರಗಿನದು ಓಡಬೇಕಾಗುತ್ತದೆ. ಸಿ.ಡಿ.ಯೂ ಹಾಗೆಯೇ. ಅದರ ಮೇಲಿನ ಬರವಣಿಗೆ ಒಳಗಿನಿಂದ ಆರಂಭವಾಗಿ ಸುರುಳಿಯಾಗಿ ಹೊರಗೆ ಸಾಗುತ್ತದೆ. ಬರವಣಿಗೆಯ ಒಳ ಅಂಚು ನಡುವಿನಿಂದ ಸುಮಾರು 25 ಮಿಲಿಮೀಟರು, ಹೊರ ಅಂಚು ಸುಮಾರು 58 ಮಿಲಿಮೀಟರು. ಸಿ.ಡಿ. ಒಂದೇ ಸಮನೆ ತಿರುಗಿದರೆ ಹೊರ ಅಂಚಿನ ವೇಗ ಒಳ ಅಂಚಿನದಕ್ಕಿಂತ ಎರಡು ಪಟ್ಟಿಗೂ ಮಿಗಿಲು.

ಹೀಗೆ ಒಂದೇ ಸಮನೆ ತಿರುಗುವ ಯಂತ್ರದ ಮೇಲೆ ‘52’ ಎಂದಿದ್ದರೆ ಅದು ಹೊರ ಅಂಚಿನ ಮಾತು. ಒಳಗೆ ಅದು ಸುಮಾರು 22ರಲ್ಲಿ ಆರಂಭಿಸುತ್ತದೆ. ಇವೆರಡರ ಸರಾಸರಿ 37. ಸಿ.ಡಿ. ಸಮನಾಗಿ ತಿರುಗುವಾಗ ಬರವಣಿಗೆಯೂ ಸಮನಾಗಿ ಹೊರಗೆ ಸರಿಯುವುದರಿಂದ ಈ ಸರಳ ಸರಾಸರಿಯೇ ಇಲ್ಲಿ ಸರಿಯಾದ ಲೆಕ್ಕ. 80ನ್ನು 37ರಿಂದ ಭಾಗಿಸಿದರೆ ಎರಡು ನಿಮಿಷ ಹತ್ತು ಸೆಕೆಂಡು. ಇದರ ಮೇಲೆ ಆರಂಭದ ಸಿದ್ಧತೆಗೂ ಕೊನೆಯ ಮುಕ್ತಾಯದ ಗುರುತಿಗೂ ಇನ್ನಷ್ಟು ಹೊತ್ತು ಬೇಕು. ಎಲ್ಲ ಯಂತ್ರಗಳೂ ಹೀಗೆಯೇ ಬರೆಯುವುದಿಲ್ಲ. ಕೆಲವು ಆರಂಭದಿಂದ ಕೊನೆಯ ತನಕ ಒಂದೇ ವೇಗದಲ್ಲಿ ಬರೆಯುತ್ತವೆ. ಕೆಲವು ಮೆಟ್ಟಿಲು ಹತ್ತಿದಂತೆ ವೇಗವನ್ನು ಏರಿಸುತ್ತ ಹೋಗುತ್ತವೆ.

ನಮ್ಮ ಸದಸ್ಯರ ಸಿ.ಡಿ.ಗಳು ಕೊನೆಯ ಹಾಡುಗಳಲ್ಲಿಯೇ ಏಕೆ ಕೆಟ್ಟುವೆಂದು ಈಗ ಊಹಿಸಬಹುದು. ಕೊನೆಯ ಹಾಡುಗಳು ಹೊರ ಅಂಚಿನಲ್ಲಿದ್ದುವು. ಅಲ್ಲಿ ವೇಗ ಅತ್ಯಧಿಕ, ಸಿ.ಡಿ.ಯ ಅದಿರಾಟವೂ ಹೆಚ್ಚು.

ಪರೀಕ್ಷೆಯ ಕ್ರಮ

ಬೇಕಾದ ಸಾಮಗ್ರಿ: ಖಾಲಿ ಸಿ.ಡಿ. ಎರಡು, ಸೆಕೆಂಡಿನ ಮುಳ್ಳಿರುವ ಗಡಿಯಾರ, ಕಾಗದ, ಪೆನ್ಸಿಲು.

ಮೊದಲನೆಯದಾಗಿ, 600 ಮೆಗಾಬೈಟಿನಷ್ಟು ದೊಡ್ಡದಾದ ಒಂದೇ ಕಡತವನ್ನು ಆರಿಸಬೇಕು. ಸಾವಿರ ಸಣ್ಣ ಕಡತಗಳಾದರೆ ಅವನ್ನು ಹುಡುಕಿ ತರುವುದಕ್ಕೇ ಹೊತ್ತು ಹೋಗಿ ಲೆಕ್ಕ ಕೆಡುತ್ತದೆ. ಕಡತ ಕಂಪ್ಯೂಟರಿನೊಳಗೇ ಇರಲಿ. ಪೆನ್ ಡ್ರೈವಿನಿಂದ ನೇರವಾಗಿ ಬರೆಯಬಾರದು.

ಎರಡನೆಯದಾಗಿ, ಬೇರೆ ಕೆಲಸಗಳನ್ನೆಲ್ಲ ನಿಲ್ಲಿಸಬೇಕು. ಇದಕ್ಕೆ ಕಾರಣವುಂಟು. ಮದುವೆಯ ಪಂಕ್ತಿಯಲ್ಲಿ ಸಾರು ಬಡಿಸುವವನು ಸಾಲಿನುದ್ದಕ್ಕೂ ನಡೆಯುತ್ತಾನೆ. ಅವನ ಬಕೀಟು ಬರಿದಾಗುವ ಮುಂಚೆ ಅಡುಗೆಮನೆಯಿಂದ ಸಾರು ಬರಬೇಕು. ಬಾರದಿದ್ದರೆ ಅವನು ನಡುವೆ ನಿಲ್ಲುತ್ತಾನೆ. ಯಂತ್ರದೊಳಗೂ ಅಂಥ ಒಂದು ಸಣ್ಣ ಬಕೀಟಿದೆ. ಹಿಂದಿನ ಯಂತ್ರಗಳಲ್ಲಿ ಅದು ಬರಿದಾದರೆ ಸಿ.ಡಿ. ಕೆಟ್ಟೇಹೋಗುತ್ತಿತ್ತು. 2000ದ ಸುಮಾರಿಗೆ ಬಂದ ಯಂತ್ರಗಳು, ನಿಂತ ಜಾಗವನ್ನು ನೆನಪಿಟ್ಟುಕೊಂಡು ಅಲ್ಲಿಂದಲೇ ಮುಂದುವರಿಯುವುದನ್ನು ಕಲಿತುವು. ಸಿ.ಡಿ. ಉಳಿಯುತ್ತದೆ, ಆದರೆ ನಿಂತುನಿಂತು ಹೋಗುವುದರಿಂದ ವೇಗ ಇಳಿಯುತ್ತದೆ. ನಡುವೆ ಕರೆಂಟು ಹೋದರೆ ಮಾತ್ರ ಯಾವ ಜಾಣತನವೂ ಸಿ.ಡಿ.ಯನ್ನು ಉಳಿಸಲಾರದು.

ಮೂರನೆಯದಾಗಿ, ಬರೆಯುವ ತಂತ್ರಾಂಶದಲ್ಲಿ ವೇಗವನ್ನು ಗೊತ್ತುಮಾಡಿ ಆರಂಭಿಸಬೇಕು. ಮೂರು ಹೊತ್ತುಗಳನ್ನು ಗುರುತು ಹಾಕಿಕೊಳ್ಳಬೇಕು: ಕಡತದ ಬರವಣಿಗೆ ಆರಂಭವಾದದ್ದು, ಅದು ಮುಗಿದದ್ದು, ಸಿ.ಡಿ. ಹೊರಬಂದದ್ದು. ಮೊದಲ ಎರಡರ ಅಂತರವೇ ಯಂತ್ರದ ವೇಗಕ್ಕೆ ಆಧಾರ. ಮೂರನೆಯದು ನಮ್ಮ ತಾಳ್ಮೆಗೆ ಆಧಾರ.

ಇನ್ನು ಲೆಕ್ಕ. 600 ಮೆಗಾಬೈಟು ಎಂದರೆ 6,14,400 ಕಿಲೋಬೈಟು. ಇದನ್ನು 150ರಿಂದ ಭಾಗಿಸಿದರೆ 4096. ಅಂದರೆ ಒಂದು ಪಟ್ಟು ವೇಗದಲ್ಲಿ ಈ ಕಡತಕ್ಕೆ 4096 ಸೆಕೆಂಡು ಬೇಕು. ನಮ್ಮ ಗಡಿಯಾರದಲ್ಲಿ 200 ಸೆಕೆಂಡು ಹಿಡಿಯಿತು ಎಂದಿಟ್ಟುಕೊಳ್ಳೋಣ. 4096ನ್ನು 200ರಿಂದ ಭಾಗಿಸಿದರೆ ಸುಮಾರು ಇಪ್ಪತ್ತೂವರೆ. ಅದೇ ಯಂತ್ರದ ಸರಾಸರಿ ವೇಗ. ಹಾಡಿನ ಸಿ.ಡಿ.ಗಾದರೆ ಇನ್ನೂ ಸುಲಭ: 70 ನಿಮಿಷದ ಹಾಡು ಮೂರೂವರೆ ನಿಮಿಷದಲ್ಲಿ ಬರೆದು ಮುಗಿದರೆ ವೇಗ 20 ಪಟ್ಟು. ಡಿ.ವಿ.ಡಿ.ಗೆ, ಕಡತದ ಮೆಗಾಬೈಟುಗಳನ್ನು 0.757ರಿಂದ ಗುಣಿಸಿ ಸೆಕೆಂಡುಗಳಿಂದ ಭಾಗಿಸಬೇಕು. 4000 ಮೆಗಾಬೈಟು 480 ಸೆಕೆಂಡಿನಲ್ಲಿ ಮುಗಿದರೆ ವೇಗ ಸುಮಾರು 6.3 ಪಟ್ಟು.

ನಾಲ್ಕನೆಯದಾಗಿ, ಬರೆದ ಸಿ.ಡಿ.ಯನ್ನು ಹೊರತೆಗೆದು ಮತ್ತೆ ಹಾಕಿ, ಮೂಲದೊಡನೆ ಹೋಲಿಸಿ ನೋಡುವಂತೆ ತಂತ್ರಾಂಶಕ್ಕೆ ಹೇಳಬೇಕು. ಸಾಧ್ಯವಾದರೆ ಇನ್ನೊಂದು ಯಂತ್ರದಲ್ಲಿಯೂ ಓದಿಸಬೇಕು. ಬರೆದ ಯಂತ್ರ ತನ್ನ ಅಕ್ಷರವನ್ನು ತಾನು ಓದಿಕೊಳ್ಳುವುದು ದೊಡ್ಡದಲ್ಲ. ಪರರು ಓದಿದರಷ್ಟೇ ಕಾಗದ ಮುಟ್ಟಿದಂತೆ.

ಐದನೆಯದಾಗಿ, ಎರಡನೆಯ ಸಿ.ಡಿ.ಯ ಮೇಲೆ ಅದೇ ಕಡತವನ್ನು 16 ಪಟ್ಟು ವೇಗದಲ್ಲಿ ಬರೆದು ಇದೇ ಪರೀಕ್ಷೆಗೆ ಒಳಪಡಿಸಬೇಕು. ಬರವಣಿಗೆಗೆ ಹಿಡಿಯುವ ಹೊತ್ತು 256 ಸೆಕೆಂಡು, ಅಂದರೆ ನಾಲ್ಕು ನಿಮಿಷದ ಮೇಲೆ ಹದಿನಾರು ಸೆಕೆಂಡು. ಅತಿ ವೇಗಕ್ಕೂ ಇದಕ್ಕೂ ಇರುವ ವ್ಯತ್ಯಾಸ ಎರಡು ಮೂರು ನಿಮಿಷ ಮಾತ್ರ. ಅಂದು ಹಾವ್ಡಾಕ್ಕೆ ಹೊರಡುವಾಗ ನಾವು ಉಳಿಸಲು ಹೋದದ್ದು ಒಂದೊಂದು ಸಿ.ಡಿ.ಗೆ ಇಷ್ಟನ್ನೇ.

ವೇಗ ಕಡಿಮೆ ಬಂದರೆ

ಅಳೆದ ವೇಗ ತೀರ ಕಡಿಮೆ ಬಂದರೆ ಯಂತ್ರವನ್ನು ಒಡನೆಯೇ ದೂರಬಾರದು. ಖಾಲಿ ಸಿ.ಡಿ.ಯನ್ನು ನೋಡಬೇಕು. ಯಂತ್ರವು ಬರೆಯುವ ಮುನ್ನ ಸಿ.ಡಿ.ಯ ಒಳ ಅಂಚಿನಲ್ಲಿ ಅದಕ್ಕೆಂದೇ ಮೀಸಲಾದ ಜಾಗದಲ್ಲಿ ತನ್ನ ಲೇಸರ್ ಕಿರಣದ ಹದವನ್ನು ಪರೀಕ್ಷಿಸಿಕೊಳ್ಳುತ್ತದೆ. ದೋಸೆ ಹುಯ್ಯುವ ಮೊದಲು ಹಂಚಿಗೆ ನೀರು ಚಿಮುಕಿಸಿ ಕಾವು ನೋಡುವುದಿಲ್ಲವೇ, ಹಾಗೆ. ಒಂದು ತಯಾರಿಕೆಯ ಸಿ.ಡಿ. ಒಂದು ಯಂತ್ರಕ್ಕೆ ಒಗ್ಗದೆ ಇನ್ನೊಂದಕ್ಕೆ ಒಗ್ಗುವುದುಂಟು.

ಬಳಿಕ ತಂತಿಯನ್ನು ನೋಡಬೇಕು. ಹೊರಗೆ ಜೋಡಿಸುವ ಯಂತ್ರವನ್ನು ಬಹಳ ಹಳೆಯ ಯು.ಎಸ್.ಬಿ. ಕಿಂಡಿಗೆ ಸಿಕ್ಕಿಸಿದರೆ ಅದು ಸೆಕೆಂಡಿಗೆ ಒಂದೂವರೆ ಮೆಗಾಬೈಟಿಗಿಂತ ಹೆಚ್ಚು ಸಾಗಿಸಲಾರದು. ಲೆಕ್ಕದಲ್ಲಿಯೇ ಅದು 10 ಪಟ್ಟನ್ನು ಮೀರುವುದಿಲ್ಲ. ಆಗ ಯಂತ್ರದ ಮೇಲೆ ಏನು ಬರೆದಿದ್ದರೂ ಪ್ರಯೋಜನವಿಲ್ಲ.

ಸಿ.ಡಿ. ವ್ಯಯವಾಗುವುದೆಂದು ಹಿಂಜರಿಯುವವರಿಗೆ ಒಂದು ಉಪಾಯವಿದೆ. ಅನೇಕ ತಂತ್ರಾಂಶಗಳಲ್ಲಿ ‘ಪರೀಕ್ಷಾ ಬರವಣಿಗೆ’ ಎಂಬ ಏರ್ಪಾಡು ಇರುತ್ತದೆ. ಆಗ ಯಂತ್ರ ಎಲ್ಲವನ್ನೂ ನಿಜದಂತೆಯೇ ಮಾಡುತ್ತದೆ, ಕಿರಣದ ಶಕ್ತಿಯನ್ನು ಮಾತ್ರ ತಗ್ಗಿಸಿಕೊಂಡಿರುತ್ತದೆ, ಸಿ.ಡಿ.ಯ ಮೇಲೆ ಏನೂ ಮೂಡುವುದಿಲ್ಲ. ವೇಗ ತಿಳಿಯಲು ಇಷ್ಟು ಸಾಕು. ಅಕ್ಷರ ಚೆನ್ನಾಗಿ ಮೂಡುವುದೋ ಇಲ್ಲವೋ ಎಂಬುದು ಇದರಿಂದ ತಿಳಿಯದು. ಡಿ.ವಿ.ಡಿ.ಗಳಲ್ಲಿ ಹೆಸರಿನ ಮುಂದೆ ಕೂಡುವ ಚಿಹ್ನೆಯಿರುವ ಜಾತಿಗೆ ಈ ಏರ್ಪಾಡು ಇಲ್ಲ. ಕಳೆಯುವ ಚಿಹ್ನೆಯಿರುವ ಜಾತಿಗೆ ಉಂಟು.

ಹಾಗಾದರೆ ಎಷ್ಟು ನಿಧಾನವೋ ಅಷ್ಟು ಒಳ್ಳೆಯದೇ? ಹಾಗೂ ಅಲ್ಲ. ಹೆಚ್ಚಿನ ವೇಗಕ್ಕೆಂದು ಹದಗೊಳಿಸಿದ ಸಿ.ಡಿ.ಯನ್ನು ತೀರ ನಿಧಾನವಾಗಿ ಬರೆದರೆ ಫಲ ಉತ್ತಮವಾಗುವುದೆಂಬ ಭರವಸೆಯಿಲ್ಲ. ನಡುವಿನ ವೇಗವೇ ಸಾಮಾನ್ಯವಾಗಿ ಕ್ಷೇಮ. ನಿಮ್ಮ ಯಂತ್ರಕ್ಕೂ ನಿಮ್ಮ ಸಿ.ಡಿ.ಗೂ ಒಗ್ಗುವ ವೇಗ ಯಾವುದೆಂದು ಮೇಲಿನ ಪರೀಕ್ಷೆಯೇ ಹೇಳುತ್ತದೆ.

ಬರೆದ ಮೇಲೆ

ಸಿ.ಡಿ.ಯ ಹೆಸರು ಬರೆಯುವ ಮುಖದ ಕೆಳಗೇ ಹೊಳೆಯುವ ಪದರವಿದೆ. ಬಾಲ್ ಪೆನ್ನಿನಿಂದ ಅದರ ಮೇಲೆ ಒತ್ತಿ ಬರೆಯಬಾರದು. ಮೆತ್ತನೆಯ ತುದಿಯ ಪೆನ್ನು ಬಳಸಬೇಕು. ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬಾರದು. ಈ ನಗರದ ಮಳೆಗಾಲದ ತೇವ ಎಲ್ಲರಿಗೂ ತಿಳಿದದ್ದೇ; ಒಣಗಿದ ಡಬ್ಬಿಯಲ್ಲಿ, ನೆಟ್ಟಗೆ ನಿಲ್ಲಿಸಿ ಇಡತಕ್ಕದ್ದು. ಒಂದೇ ಸಿ.ಡಿ.ಯನ್ನು ನಂಬಿ ಮೂಲವನ್ನು ಅಳಿಸಬಾರದು. ಎರಡು ಪ್ರತಿ ಮಾಡಿ, ಒಂದನ್ನು ಇಲ್ಲಿ, ಒಂದನ್ನು ಊರಿನಲ್ಲಿ ಇಡುವುದು ಮೇಲು.

ಭಾರತದ ಮೊದಲ ಕಂಪ್ಯೂಟರು ಬಂದದ್ದು ಇದೇ ನಗರಕ್ಕೆ. 1955ರಲ್ಲಿ ಬಾರಾನಗರದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಇಂಗ್ಲೆಂಡಿನಿಂದ ಹೆಚ್.ಇ.ಸಿ.-2ಎಂ ಎಂಬ ಯಂತ್ರವನ್ನು ತರಿಸಿತು. ಅದರ ನೆನಪೂ ತಿರುಗುವ ಒಂದು ಉರುಳೆಯ ಮೇಲೆಯೇ ಇತ್ತು. ಅಂದು ಅದು ವಿದ್ವಾಂಸರ ಕೈಯಲ್ಲಿತ್ತು. ಇಂದು ಅದಕ್ಕಿಂತ ಹೆಚ್ಚಿನ ಸಾಮರ್ಥ್ಯದ ಯಂತ್ರ ನಮ್ಮ ಹೋಟೆಲಿನ ಹುಡುಗರ ಕೈಯಲ್ಲಿಯೂ ಗುಮಾಸ್ತರ ಮೇಜಿನ ಮೇಲೂ ಇದೆ.

ಮನೆಯಲ್ಲಿ ಹಳೆಯ ಕ್ಯಾಸೆಟ್ಟು ಇರುವವರು ಅದನ್ನು ವಾಚನಾಲಯಕ್ಕೆ ತರಬಹುದು. ಪ್ರತಿ ಮಾಡಿಕೊಡುತ್ತೇವೆ, ಸಿ.ಡಿ.ಯನ್ನು ತಾವೇ ತರತಕ್ಕದ್ದು. ರೈಲಿನ ದಿನ ತರಬೇಡಿ, ಒಂದು ವಾರ ಮೊದಲೇ ತನ್ನಿ. ಬರೆದು, ಓದಿಸಿ, ಕೊನೆಯ ಹಾಡನ್ನು ತಮ್ಮ ಎದುರಿನಲ್ಲಿಯೇ ಕೇಳಿಸಿ ಕೊಡುತ್ತೇವೆ.