ಮೊದಲು ಕಿವಿ, ಆಮೇಲೆ ಕಣ್ಣು

ಚಿತ್ರದುರ್ಗದ ಸೀಮೆಯಲ್ಲಿ ಮೆರವಣಿಗೆ ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಬಿದ್ದಿರುತ್ತದೆ. ನೀವು ಹೊಳಲ್ಕೆರೆಯ ಬಸ್ ನಿಲ್ದಾಣದ ಹತ್ತಿರ ನಿಂತಿರಿ, ಹಿರಿಯೂರಿನ ತೇರುಮಲ್ಲೇಶ್ವರನ ಗುಡಿ ಬೀದಿಯಲ್ಲಿರಿ, ಸಾಲು ಇನ್ನೂ ತಿರುವಿನಾಚೆ ಇರುವಾಗಲೇ ಅದರ ಸದ್ದು ಬಂದು ಮುಟ್ಟುತ್ತದೆ. ಕೆಲಸಕ್ಕೆ ವರ್ಗವಾಗಿ ಬಂದವರು, ಓದಲು ಬಂದ ಮಕ್ಕಳು, ಮದುವೆಯಾಗಿ ಬಂದ ಸೊಸೆಯಂದಿರು, ಹೀಗೆ ಈ ಕಡೆಗೆ ಹೊಸಬರಾದ ಎಲ್ಲರಿಗೂ ನಾನು ಹೇಳುವ ಮೊದಲ ಪಾಠ ಇದು: ಫೋನು ಜೇಬಿನಲ್ಲೇ ಇರಲಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತು ಕೇಳಿ. ಯಾವ ವಾದ್ಯ, ಯಾವ ಗತ್ತು ಅನ್ನುವುದು ತಿಳಿದರೆ ಬರುತ್ತಿರುವವರು ಯಾರು, ಯಾವ ದೇವರ ಹಿಂದೆ ಬರುತ್ತಿದ್ದಾರೆ ಅನ್ನುವುದು ಅರ್ಧ ತಿಳಿದ ಹಾಗೆಯೇ.

ಎಲ್ಲಕ್ಕಿಂತ ಮೊದಲು ಗುರುತು ಸಿಗುವುದು ತಮಟೆ. ಬಳೆಯಂಥ ಚೌಕಟ್ಟು, ಒಂದೇ ಮಗ್ಗುಲಿಗೆ ಚರ್ಮ, ಒಂದು ಕೈಯಲ್ಲಿ ತೆಳ್ಳನೆ ಕಡ್ಡಿ, ಇನ್ನೊಂದರಲ್ಲಿ ಗಿಡ್ಡ ಕೋಲು. ಬಾರಿಸುವ ಮೊದಲು ಒಣಹುಲ್ಲಿಗೋ ಕಾಗದಕ್ಕೋ ಬೆಂಕಿ ಹಚ್ಚಿ ಚರ್ಮ ಕಾಯಿಸುತ್ತಾರೆ; ನಡುನಡುವೆ ಬೆರಳಿನಿಂದ ತಟ್ಟಿ ಕಿವಿಗೆ ಹಿಡಿದು ನೋಡುತ್ತಾರೆ. ಆ ಕಾಯಿಸುವ ಹೊತ್ತಿನಲ್ಲಿ ಹತ್ತಿರ ಹೋಗಿ ನಿಲ್ಲಿ. ಚರ್ಮ ಬಿಗಿಯುತ್ತಾ ಹೋದಂತೆ ಮಂಕಾಗಿದ್ದ ದನಿ ಹೇಗೆ ಟಣಟಣ ಎನ್ನುತ್ತದೆ ಅನ್ನುವುದನ್ನು ಪುಸ್ತಕ ಕಲಿಸಲಾರದು.

ಆದರೆ ಈ ಜಿಲ್ಲೆಯದೇ ದನಿ ಯಾವುದು ಅಂತ ಕೇಳಿದರೆ ನಾನು ಉರುಮೆ ಅನ್ನುತ್ತೇನೆ. ನಡು ಸಣ್ಣಗಾದ, ಎರಡು ಮುಖದ ಚರ್ಮವಾದ್ಯ ಅದು. ಕೊರಳಿಗೆ ಹಾಕಿಕೊಂಡು ಒಂದು ಮುಖಕ್ಕೆ ಕೋಲಿನಿಂದ ಹೊಡೆಯುತ್ತಾರೆ. ಇನ್ನೊಂದು ಮುಖಕ್ಕೆ ಹೊಡೆಯುವುದಿಲ್ಲ, ಬಾಗಿದ ಕಡ್ಡಿಯನ್ನು ಚರ್ಮದ ಮೇಲೆ ಒತ್ತಿ ಉಜ್ಜುತ್ತಾರೆ. ಆಗ ಗುಡುಗಿನ ಕೊನೆಯಂತೆ ಗುರ್‍ರೆನ್ನುವ ಒಂದು ಎಳೆದ ದನಿ ಏಳುತ್ತದೆ. ತಮಿಳುನಾಡಿನಲ್ಲೂ ಆಂಧ್ರದಲ್ಲೂ ಇದರ ಬಳಗವಿದೆ. ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರಿನ ಕಡೆ ಮ್ಯಾಸನಾಯಕ ಸಮುದಾಯದವರ ದೇವರು ಹೊರಟಾಗ, ಅಮ್ಮನ ಜಾತ್ರೆ ಕೂಡಿದಾಗ ಉರುಮೆ ಇಲ್ಲದೆ ದೇವರ ಪೆಟ್ಟಿಗೆ ಕದಲುವುದಿಲ್ಲ. ಬಲಗೈ ಏನು ಹೊಡೆಯುತ್ತಿದೆ, ಎಡಗೈ ಎಷ್ಟು ಒತ್ತುತ್ತಿದೆ ಅನ್ನುವುದನ್ನು ಬೇರೆಬೇರೆಯಾಗಿ ಗಮನಿಸಿ. ಗತ್ತು ಏರಿದಂತೆ ಉಜ್ಜುವ ಕೈ ಚಿಕ್ಕ ಚಿಕ್ಕ ಎಳೆತಕ್ಕೆ ಬರುತ್ತದೆ. ಅಲ್ಲಿಗೆ ಮೈದುಂಬುವ ಹೊತ್ತು ಹತ್ತಿರ ಬಂತೆಂದು ಹಳ್ಳಿಯವರಿಗೆ ಗೊತ್ತಾಗುತ್ತದೆ. ಚಿತ್ರದುರ್ಗದ ದೊಡ್ಡಪೇಟೆಯಲ್ಲಿ ಬರಗೇರಮ್ಮ, ತಿಪ್ಪಿನಘಟ್ಟಮ್ಮನವರ ಭೇಟಿ ಉತ್ಸವ ನಡೆಯುತ್ತದಲ್ಲ, ಅಕ್ಕ ತಂಗಿಯರು ಎದುರುಬದುರಾಗಿ ಬಂದು ಕ್ಷಣಮಾತ್ರ ಸೇರಿ ಹಿಂದಕ್ಕೆ ಸರಿಯುವ ಗಳಿಗೆ, ಅದನ್ನು ಒಮ್ಮೆಯಾದರೂ ಜನರ ನಡುವೆ ನಿಂತು ನೋಡಿ. ಕಣ್ಣಿಗೆ ಸಿಕ್ಕಿದ್ದು ಕಡಿಮೆಯಾದರೂ ವಾದ್ಯದ ಏರಿಳಿತದಲ್ಲಿ ಎಲ್ಲ ಗೊತ್ತಾಗುತ್ತದೆ.

ಡೊಳ್ಳು ನಿಮಗೆ ಆಗಲೇ ಗೊತ್ತಿರುತ್ತದೆ. ಕುರುಬರ ಬೀರದೇವರ ಗುಡಿಯಿಂದ ಹೊರಟ ವಾದ್ಯ ಇವತ್ತು ನಾಡಿನ ಎಲ್ಲ ಮೆರವಣಿಗೆಗಳ ಮುಂದಿದೆ. ಹೆಣ್ಣುಮಕ್ಕಳ ತಂಡಗಳೂ ಸೊಗಸಾಗಿ ಬಾರಿಸುತ್ತವೆ. ನಡುವೆ ತಾಳ ಹಿಡಿದು ನಿಂತವನ ಕಡೆ ನೋಡಿ, ಕುಣಿತದ ಕೀಲಿಕೈ ಅವನ ಹತ್ತಿರ ಇರುತ್ತದೆ.

ವೀರಗಾಸೆಗೆ ಸ್ವಲ್ಪ ಹೆಚ್ಚು ಹೊತ್ತು ಬೇಕು. ಕಾವಿ ಅಥವಾ ಕೆಂಪು ಉಡುಪು, ತಲೆಯ ಮೇಲೆ ಬಿಳಿ ಚೌರಿ, ಕೊರಳಲ್ಲಿ ರುದ್ರಾಕ್ಷಿ, ಸೊಂಟದಲ್ಲಿ ವೀರಭದ್ರನ ಹಲಗೆ, ಕೈಯಲ್ಲಿ ಕತ್ತಿ, ಹಣೆಗೂ ತೋಳಿಗೂ ವಿಭೂತಿ. ದಕ್ಷನ ಯಜ್ಞ ಕೆಡಿಸಲು ಶಿವನ ಜಟೆಯಿಂದ ಹುಟ್ಟಿದ ವೀರಭದ್ರನ ಕಥೆ ಇದರ ಬೆನ್ನೆಲುಬು. ಹೊಸಬರು ಮಾಡುವ ತಪ್ಪು ಅಂದರೆ ಕತ್ತಿ ಝಳಪಿಸುವುದನ್ನಷ್ಟೇ ನೋಡಿ, ಕುಣಿತ ನಿಂತು ಒಬ್ಬರು ಒಡಪು ಹೇಳತೊಡಗಿದಾಗ ಮುಂದಕ್ಕೆ ನಡೆದುಬಿಡುವುದು. ಅದು ವಿರಾಮವಲ್ಲ. ಒಂದೇ ಉಸಿರಿನಲ್ಲಿ ಹೇಳುತ್ತಾ ಹೋಗುವ ಆ ಏರು ಮಾತೇ ಕಲೆಯ ಜೀವ. ಅದು ಮುಗಿದ ಗಳಿಗೆಯಲ್ಲಿ ಕರಡೆ, ಸಂಬಾಳ ವಾದ್ಯಗಳು ಒಮ್ಮೆಲೇ ಎದ್ದು ಹೆಜ್ಜೆ ಮತ್ತೆ ಶುರುವಾಗುವುದನ್ನು ಕಾಣಲು ಕಾಯಬೇಕು.

ಈಗ ಸ್ವಲ್ಪ ಭೂಗೋಳ. ಹೊಳಲ್ಕೆರೆ, ಹೊಸದುರ್ಗದ ಕಡೆ ಅಡಿಕೆ, ತೆಂಗು. ಹಿರಿಯೂರಿಗೆ ಮಾರಿಕಣಿವೆಯ ವಾಣಿವಿಲಾಸ ಸಾಗರದ ನೀರು. ಚಳ್ಳಕೆರೆಯ ಕಡೆ ಹೋದರೆ ಬಯಲು, ಶೇಂಗಾ, ಕುರಿ. ಕುರಿ, ದನ ಕಾಯುವವರ ಹಟ್ಟಿಗಳು, ಊರಾಚೆಯ ಲಂಬಾಣಿ ತಾಂಡಾಗಳು, ಕೋಟೆಯ ನಾಯಕರ ಕಾಲದ ಕೇರಿಗಳು, ಲಿಂಗಾಯತ ಮಠಗಳು, ಅಲೆಮಾರಿಗಳ ಕಾಲೊನಿಗಳು ಇಲ್ಲಿ ಮೈಲಿಗೊಂದರಂತೆ ಸಿಗುತ್ತವೆ. ಕನ್ನಡದ ಜೊತೆ ತೆಲುಗು, ಉರ್ದು, ಲಂಬಾಣಿಗರ ಗೋರ್ ಬೋಲಿ ಒಂದೇ ಸಂತೆಯಲ್ಲಿ ಕೇಳಿಸುತ್ತವೆ. ಹಲವು ಸಂಸ್ಕೃತಿಗಳ ಹಬ್ಬ ಅಂದರೆ ದೂರದೇಶದಿಂದ ತಂಡ ಕರೆಸಬೇಕು ಅಂತ ಅಂದುಕೊಳ್ಳುವವರಿಗೆ ನಾನು ಈ ಸಂತೆಯನ್ನು ತೋರಿಸುತ್ತೇನೆ.

ಕಾಡುಗೊಲ್ಲರ ಹಟ್ಟಿಗಳಲ್ಲಿ ಹಾಡೇ ದೊಡ್ಡದು. ಜುಂಜಪ್ಪ, ಎತ್ತಪ್ಪನಂಥ ದನಗಾಹಿ ವೀರರ ಕಥೆಗಳನ್ನು ರಾತ್ರಿಯಿಡೀ ಹಾಡುತ್ತಾರೆ, ಜೊತೆಗೆ ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲು. ಒಂದು ಸಾಲು ಬಾಯಲ್ಲಿ, ಮುಂದಿನದು ಗಣೆಯ ಉಸಿರಲ್ಲಿ. ಹೆಣ್ಣುಮಕ್ಕಳ ಪದಗಳದು ಬೇರೆಯೇ ಲೋಕ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಶಾಲೆಯ ಮೆಟ್ಟಿಲು ಹತ್ತದೆಯೂ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದವರು. ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಹಟ್ಟಿಗೆ ಹೋಗಿ ಕೂತು ಬರೆದುಕೊಂಡರು. ಅಂಥ ಒಬ್ಬ ಹಾಡುಗಾರ್ತಿ ಇದ್ದ ಜಿಲ್ಲೆಯಲ್ಲಿ ನಾವು ಬದುಕುತ್ತಿದ್ದೇವೆ ಅನ್ನುವುದು ನನಗೆ ಕೋಟೆಯಷ್ಟೇ ಹೆಮ್ಮೆಯ ವಿಷಯ.

ಲಂಬಾಣಿ ಕುಣಿತವನ್ನು ನೀವು ಯಾವುದಾದರೂ ಸರ್ಕಾರಿ ಸಮಾರಂಭದಲ್ಲಿ ನೋಡಿರುತ್ತೀರಿ. ಕನ್ನಡಿ ಹೊಲಿದ ಕಾಂಚಳಿ ಎಂಬ ರವಿಕೆ, ಗೇರುಬಣ್ಣದ ಫೇಟಿಯಾ ಎಂಬ ಲಂಗ, ನಾಣ್ಯ, ಕವಡೆ, ಕೈತುಂಬ ಬಳೆ. ವೇದಿಕೆಯ ಮೇಲೆ ಐದು ನಿಮಿಷ ಸುತ್ತು ಬಂದು ಇಳಿಯುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಆ ಸುತ್ತು ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ ಶ್ರಾವಣದಲ್ಲಿ ತೀಜ್ ಹಬ್ಬ ನಡೆಯುವಾಗ ತಾಂಡಾಕ್ಕೆ ಹೋಗಬೇಕು. ಮದುವೆಯಾಗದ ಹುಡುಗಿಯರು ಬಿದಿರಿನ ಪುಟ್ಟಿಗಳಿಗೆ ಮಣ್ಣು, ಗೊಬ್ಬರ ತುಂಬಿ ಗೋಧಿ ಬಿತ್ತುತ್ತಾರೆ. ಒಂಬತ್ತು ದಿನ ನೀರು ಹಾಕುತ್ತಾರೆ, ಸಂಜೆಯಾದರೆ ಸುತ್ತ ನಿಂತು ಬಾಗಿ, ಚಪ್ಪಾಳೆ ಹೊಡೆದು, ಹಿಂದೆ ಸರಿದು, ಮತ್ತೆ ಬಾಗಿ ಹಾಡುತ್ತಾರೆ. ಸಸಿ ಗೇಣುದ್ದ ಬೆಳೆದಿರುತ್ತದೆ, ಹಳದಿ ತಿರುಗಿದ ಎಳೆ ಹಸಿರು. ಕೊನೆಯ ದಿನ ಅದನ್ನು ಹಿರಿಯರಿಗೆ ಹಂಚುತ್ತಾರೆ, ಗಂಡಸರು ರುಮಾಲಿಗೆ ಸಿಕ್ಕಿಸಿಕೊಳ್ಳುತ್ತಾರೆ, ಉಳಿದದ್ದು ನೀರಿಗೆ. ನೀರಿಗೆ ಬಿಡುವಾಗ ಹುಡುಗಿಯರು ಅಳುವುದೂ ಉಂಟು, ಮುಂದಿನ ತೀಜ್ ಹೊತ್ತಿಗೆ ತಮ್ಮಲ್ಲಿ ಯಾರು ಯಾವ ತಾಂಡಾದಲ್ಲಿರುತ್ತಾರೋ ಎಂದು. ವೇದಿಕೆಯ ಮೇಲೆ ಅವರು ನೆಲದ ಕಡೆ ಬಾಗುವುದನ್ನು ಕಂಡಾಗ, ಅಲ್ಲಿ ಇಲ್ಲದ ಆ ಪುಟ್ಟಿಯನ್ನು ನೀವು ಮನಸ್ಸಿನಲ್ಲಿ ಇಟ್ಟುಕೊಂಡು ನೋಡಿ.

ಹಾಗಂತ ವೇದಿಕೆ ಬೇಡ ಅನ್ನುವವನಲ್ಲ ನಾನು. ನಮ್ಮ ಜಿಲ್ಲೆಯಲ್ಲಿ ವೇದಿಕೆಯಿಂದ ಆದ ಒಂದು ದೊಡ್ಡ ಕೆಲಸವನ್ನು ಹೊಸಬರು ತಪ್ಪದೆ ನೋಡಬೇಕು. ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯ ತರಳಬಾಳು ಮಠ 1950ರಲ್ಲಿ ಜಗಳೂರಿನಲ್ಲಿ ಶುರುಮಾಡಿದ ತರಳಬಾಳು ಹುಣ್ಣಿಮೆ ಈಗಲೂ ಮಾಘಮಾಸದಲ್ಲಿ ಊರಿಂದ ಊರಿಗೆ ಹೋಗಿ ಒಂಬತ್ತು ದಿನ ನಡೆಯುತ್ತದೆ. ಅಲ್ಲಿ, ಮತ್ತು ಸಿರಿಗೆರೆಯ ಕಾರ್ಯಕ್ರಮಗಳಲ್ಲಿ, ಮಠದ ಶಾಲೆಗಳ ಮಕ್ಕಳು ವೀರಗಾಸೆ, ಕೋಲಾಟ, ಮಲ್ಲಕಂಬದ ಜೊತೆ ಮಣಿಪುರದ ಕೋಲಿನ ಕುಣಿತವನ್ನೂ ಬಂಗಾಳದ ಪುರುಲಿಯಾದ ಸಿಂಹ ನೃತ್ಯವನ್ನೂ ಮಾಡುತ್ತಾರೆ. ಈ ಸಿಂಹ ನೃತ್ಯದ ಮೂಲವಾದ ಪುರುಲಿಯಾ ಛಾವು ಚೈತ್ರದ ಹಬ್ಬಕ್ಕೆ ಸೇರಿದ ಕುಣಿತ, 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು. ಅದರ ಮುಖವಾಡಗಳನ್ನು ಚರಿದಾ ಎಂಬ ಹಳ್ಳಿಯವರು ಕಾಗದ, ಮಣ್ಣು, ಬಟ್ಟೆಯಲ್ಲಿ ಮಾಡುತ್ತಾರೆ. ಆ ಸಿಂಹದ ಮೈಯೊಳಗೆ ಈಗ ನಮ್ಮ ರೈತರ ಮಕ್ಕಳು! ಹಾರಿ, ಉರುಳಿ, ಕೇಸರ ಕೊಡವಿ ಎದ್ದಾಗ ಮುಂದಿನ ಸಾಲಿನ ಅಜ್ಜಂದಿರು ಎದ್ದು ನಿಂತುಬಿಡುತ್ತಾರೆ. ಮೂಲದ ಸೂಕ್ಷ್ಮ ಪೂರ್ತಿ ಬಂದಿರಲಾರದು, ನಿಜ. ಆದರೆ ಮಣಿಪುರವನ್ನು ನಕ್ಷೆಯಲ್ಲಿ ತೋರಿಸಲು ತಡಕಾಡುವ ವಯಸ್ಸಿನ ಹುಡುಗ ಅಲ್ಲಿಯ ಹೆಜ್ಜೆಯನ್ನು ಮೈಯಲ್ಲಿ ಕಲಿತಿದ್ದಾನೆ. ಅಲ್ಲಿಯವರು ಅವನಿಗೆ ಇನ್ನು ಅಪರಿಚಿತರಲ್ಲ. ಜಾತಿಯ ಗೆರೆ ದಾಟಿ ಒಬ್ಬರ ವಾದ್ಯವನ್ನು ಇನ್ನೊಬ್ಬರು ಕೈಗೆತ್ತಿಕೊಳ್ಳುವುದು ಊರ ಬೀದಿಯಲ್ಲಿ ಇವತ್ತಿಗೂ ಸುಲಭವಲ್ಲ, ಶಾಲೆಯ ಅಂಗಳದಲ್ಲಿ ಅದು ಆಗಿದೆ.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯದು ಇನ್ನೊಂದು ದಾರಿ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಶಿವಕುಮಾರ ಕಲಾಸಂಘ ಅಲ್ಲಿ ಪ್ರತಿ ವರ್ಷ ನವೆಂಬರ್ ಹೊತ್ತಿಗೆ ನಾಟಕೋತ್ಸವ ಮಾಡುತ್ತದೆ. 1997ರಿಂದ ಶಿವಸಂಚಾರ ತಂಡ ನಾಡೆಲ್ಲ ತಿರುಗಿ ನಾಟಕ ಆಡುತ್ತಿದೆ. ನಾಟಕ ಮುಖ್ಯವಾದರೂ ವಚನಗೀತೆ, ನೃತ್ಯ, ಬೇರೆ ರಾಜ್ಯಗಳ ರಂಗತಂಡಗಳು ಇರುತ್ತವೆ. ಗ್ರೀಕ್ ಮಾದರಿಯ ಬಯಲು ರಂಗಮಂದಿರದ ಕಲ್ಲಿನ ಮೆಟ್ಟಿಲ ಮೇಲೆ ಸುತ್ತಲ ಹಳ್ಳಿಯವರ ಜೊತೆ ಕೂತುಕೊಳ್ಳಿ. ಶಾಲು ತನ್ನಿ, ರಾತ್ರಿ ಚಳಿ ಇರುತ್ತದೆ.

ಇಷ್ಟು ಹೇಳಿ ತಮಟೆಯ ವಿಷಯಕ್ಕೆ ಮತ್ತೆ ಬರದಿದ್ದರೆ ನನ್ನ ಪಾಠ ಸುಳ್ಳಾಗುತ್ತದೆ. ತಮಟೆಯನ್ನು ತಲೆಮಾರುಗಳಿಂದ ಬಾರಿಸುತ್ತ ಬಂದವರು ಮಾದಿಗ ಸಮುದಾಯದವರು. ಹಬ್ಬಕ್ಕೂ ಸಾವಿಗೂ ಕರೆದಾಗ ಬರಲೇಬೇಕು ಅನ್ನುವ ಕಟ್ಟಳೆ ಇತ್ತು; ದೇವರ ಮುಂದೆ ಬಾರಿಸಿದವರಿಗೆ ಗುಡಿಯ ಬಾಗಿಲು ಇರಲಿಲ್ಲ, ಊಟಕ್ಕೆ ಕೂತರೆ ಎಲೆ ದೂರ. ಅದಕ್ಕೇ ಎಷ್ಟೋ ಕೇರಿಗಳಲ್ಲಿ ಓದಿದ ಹುಡುಗರು ತಮಟೆ ಮುಟ್ಟುವುದಿಲ್ಲ ಎಂದು ನಿಂತರು. ಅವರ ನಿಲುವು ಸರಿಯಾದದ್ದೇ. ಇನ್ನು ಕೆಲವರು ಅದೇ ತಮಟೆಯನ್ನು ಹೋರಾಟದ ಮೆರವಣಿಗೆಗೆ, ಆಮೇಲೆ ಕಲಾತಂಡವಾಗಿ ವೇದಿಕೆಗೆ, ತಮ್ಮ ಷರತ್ತಿನ ಮೇಲೆ ತಂದಿದ್ದಾರೆ. ಅವರಿಗೂ ನನ್ನ ನಮಸ್ಕಾರ. ಉತ್ಸವ ನಡೆಸುವವರು ಬಾರಿಸಿದವರನ್ನು ಎಲ್ಲರ ಪಂಕ್ತಿಯಲ್ಲೇ ಊಟಕ್ಕೆ ಕೂರಿಸುತ್ತಾರೋ, ಒಪ್ಪಿದ ಸಂಭಾವನೆಯನ್ನು ಅವತ್ತೇ ಕೈಗೆ ಕೊಡುತ್ತಾರೋ ಅಂತ ಗಮನಿಸಿ. ಕೊಡದಿದ್ದರೆ ಕೇಳಿ. ಹೊಸಬರು ಕೇಳಿದರೆ ಒಮ್ಮೊಮ್ಮೆ ಬೇಗ ಕೆಲಸ ಆಗುತ್ತದೆ.

ನಡವಳಿಕೆಯ ಬಗ್ಗೆ ಎರಡು ಮಾತು. ವಾದ್ಯದವರಿಗೂ ದೇವರಿಗೂ ನಡುವೆ ನಿಲ್ಲಬೇಡಿ, ಅವರು ಬಾರಿಸುವುದು ನಿಮಗಲ್ಲ. ಹಟ್ಟಿಯ ಗುಡಿಗೆ ಹೋದರೆ ಚಪ್ಪಲಿ ಎಲ್ಲಿ ಬಿಡಬೇಕು, ಎಲ್ಲಿಯವರೆಗೆ ಹೋಗಬಹುದು ಅಂತ ಹಿರಿಯರನ್ನು ಕೇಳಿ. ತಾಂಡಾದ ಅಜ್ಜಿಯ ಫೋಟೊ ತೆಗೆಯುವ ಮುಂಚೆ “ಅಜ್ಜಿ, ತೆಗೀಲಾ?” ಅನ್ನಿ, ಬೇಡ ಅಂದರೆ ಬೇಡ. ಹೂಂ ಅಂದರೆ ಪಕ್ಕದಲ್ಲಿ ಕೂತು ಅವರ ಕಾಂಚಳಿಯ ಹೊಲಿಗೆಯನ್ನು ಹತ್ತಿರದಿಂದ ನೋಡಿ, ಯಾರು ಹೊಲಿದದ್ದು ಅಂತ ವಿಚಾರಿಸಿ. ಮಾತು ಅಲ್ಲಿಂದ ಶುರುವಾಗುತ್ತದೆ.

ಎಲ್ಲಿಂದ ಆರಂಭಿಸುವುದು ಅಂತ ಗೊಂದಲವಿದ್ದರೆ ಫೆಬ್ರವರಿಯಿಂದ ಆರಂಭಿಸಿ. ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆ ಮಾಘದ ಹೊತ್ತಿಗೆ ಬರುತ್ತದೆ. ಫೆಬ್ರವರಿ 15 ಲಂಬಾಣಿಗರ ಗುರು ಸಂತ ಸೇವಾಲಾಲರ ಜಯಂತಿ. ಅವರು 1739ರಲ್ಲಿ ಹುಟ್ಟಿದ್ದೆಂದು ಲಂಬಾಣಿಗರು ನಂಬುವ ಸೂರಗೊಂಡನಕೊಪ್ಪ ಪಕ್ಕದ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿದೆ. ಹೊಳಲ್ಕೆರೆ, ಹೊಸದುರ್ಗದ ತಾಂಡಾಗಳಿಂದಲೂ ಜನ ಅಲ್ಲಿಗೆ ಹೊರಡುತ್ತಾರೆ. ನಿಮ್ಮ ಕಚೇರಿಯಲ್ಲೋ ತರಗತಿಯಲ್ಲೋ ಆ ತಾಂಡಾಗಳವರು ಒಬ್ಬರಾದರೂ ಇರುತ್ತಾರೆ. ಈ ಸಲ ಯಾವ ಗಾಡಿ ಹೋಗುತ್ತದೆ, ಒಂದು ಜಾಗ ಸಿಗುತ್ತದಾ ಅಂತ ಅವರನ್ನು ಈಗಲೇ ಕೇಳಿಟ್ಟುಕೊಳ್ಳಿ.